ಟಿಕೆಟ್ ಪೂರಾ, ಗಾಡ್ಜಿಲ್ಲಾ ಅರ್ಧ

ಏನ್ ಹೇಳೂದ್ರಿ ಈ ಥೇಟರ್ ಮಂದಿಗೆ! ಹೊರದೇಶದ ಗಾಡ್ಜಿಲ್ಲಾನಂಥಾ ದೈತ್ಯಪ್ರಾಣಿ ಸಿನಿಮಾ ಹುಬ್ಬಳ್ಳಿಗೆ ಬರೂದ ಅಪರೂಪ. ಬಂದಾಗ ರೊಕ್ಕಾ ಕೊಟ್ಟು ಒಳಗ ಹೋದ್ರ ಪರದೆ ಮ್ಯಾಲ ಬರೇ ಮಬ್ಬ. ಸಮುದ್ರ ಯಾವುದು, ಪ್ರಾಣಿ ಬೆನ್ನ ಯಾವುದು, ತಿಳಿಯೂದಿಲ್ಲ.

ಇಂಥಾ ಸಿನಿಮಾದಾಗ ರಾತ್ರಿ, ಮಳಿ, ಹೊಗಿನ ಭಾಳ. ಸಾದಾ ಸಿನಿಮಾಕ್ಕ ಪರದೆ ಮ್ಯಾಲ 14 ಫುಟ್-ಲ್ಯಾಂಬರ್ಟ್ (ಪರದೆ ಬೆಳಕಿನ ಅಳತಿ) ಬೆಳಕು ಇರಬೇಕು. ಇವರು ತ್ರೀಡಿ ಶೋಕ್ಕ ಹಾಕಿದ ಲೆನ್ಸ್ ತಗಿಯೂದ ಇಲ್ಲ, ಅದರಾಗ ಸಾದಾ ಸಿನಿಮಾನೂ ಓಡಸ್ತಾರ. ಅದರಾಗಿನ ಪೋಲರೈಸರ್ ಅನ್ನೂ ಬೆಳಕಿನ ಜರಡಿ ಅರ್ಧಕ್ಕರ್ಧ ಬೆಳಕ ನುಂಗತೈತಿ. ಹಿಂದ ಹೊಳ್ಳಿ ಪ್ರೊಜೆಕ್ಟರ್ ಕಿಂಡಿ ನೋಡ್ರಿ. ಕೆಲವು ಮಷೀನಿನ್ಯಾಗ ಒಂದರ ಮ್ಯಾಲ ಒಂದು ಎರಡು ಬೆಳಕಿನ ಕೋಲು ಕಂಡ್ರ ತ್ರೀಡಿ ಲೆನ್ಸ್ ಅಲ್ಲೇ ಕುಂತೈತಿ ಅಂತ ತಿಳೀರಿ. ಒಂದ ಕೋಲಿದ್ದೂ ಮಬ್ಬಿದ್ರ ಪ್ರೊಜೆಕ್ಟರ್‌ನ ಝೆನಾನ್ ದೀಪಕ್ಕ ವಯಸ್ಸಾಗೇತಿ, ಇಲ್ಲಾ ಬಾಳಿಕಿ ಬರಲಿ ಅಂತ ಕರೆಂಟ್ ಇಳಿಸ್ಯಾರ. ಕಂಜೂಸ್ತನಾ, ಮತ್ತೇನು?

ಸೌಂಡಿಂದು ಇನ್ನೂ ಹೊಟ್ಟಿ ಉರಿಸೂ ಕತಿ. ಮಿಕ್ಸಿಂಗ್ ಮಾಡಿದವರು ಫೇಡರ್, ಅಂದ್ರ ದನಿ ಏರಿಸಿ-ಇಳಿಸೂ ಗುಂಡಿ, 7ರ ಮ್ಯಾಗ ಇಟ್ಟು ಮಾಡಿರ್ತಾರ. ಇಲ್ಲಿ ಯಾರೋ ಒಬ್ಬರು ‘ಜೋರಾತು’ ಅಂದ್ರ ಸಾಕು, 4ಕ್ಕ ಇಳಸ್ತಾರ. ಮೂರು ಅಂಕಿ ಅಂದ್ರ 10 ಡೆಸಿಬಲ್, ಕಿವಿಗೆ ಅರ್ಧಾ ದನಿ ಹೋದಂಗ. ಸಣ್ಣ ದನಿಯಾಗ ಮನಷ್ಯಾನ ಕಿವಿ ಮೊದಲ ಬಿಡೂದ ತಗ್ಗಿನ ಸ್ವರಾ. ಹಂಗಾಗಿ ಮಾತು ಕೇಳತಾವ, ಹೆಜ್ಜಿ ಮಾತ್ರ ಕೇಳೂದಿಲ್ಲ. ಎದಿ ನಡುಗಸಬೇಕಾದ ಪ್ರಾಣಿ ಬೆಕ್ಕಿನಂಗ ನಡೀತೈತಿ! 1954ರ ಮೊದಲ ಗಾಡ್ಜಿಲ್ಲಾ ಸಿನಿಮಾಕ್ಕ ಸಂಗೀತ ಮಾಡಿದ ಅಕಿರಾ ಇಫುಕುಬೆ, ಡಬಲ್ ಬಾಸ್ ಅನ್ನೂ ದೊಡ್ಡ ಪಿಟೀಲಿನಂಥಾ ವಾದ್ಯದ ತಂತಿ ಸಡಲ ಮಾಡಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ತಿಕ್ಕಿಸಿ ಗಾಡ್ಜಿಲ್ಲಾನ ಗರ್ಜನಿ ತಗಸಿದ್ರು. ತಂಬೂರಿ ಶ್ರುತಿ ಒಂಚೂರು ಹೆಚ್ಚುಕಮ್ಮಿ ಆದ್ರ ಮಾರಿ ಕಿವಚೂ ಧಾರವಾಡದ ಮಂದಿ ಇದನ್ನ ಹೆಂಗ ಸಹಿಸ್ತಾರೋ.

ಜಪಾನೀ ಮಾತಿದ್ರ ಕೆಳಗಿನ ಸಬ್‌ಟೈಟಲ್ಲೂ ಬೇಕಲ್ರಿ? ಝೂಮ್ ತಪ್ಪಿಟ್ಟು ಎರಡನೇ ಸಾಲು ಪರದೆ ಅಂಚಿನ ಕರೇ ಅರಬಿ ಮ್ಯಾಲ ಬೀಳೂಹಂಗ ಮಾಡ್ತಾರ.

ಇಂಟರ್ವಲ್ ಅಂತೂ ಕೇಳಬ್ಯಾಡ್ರಿ. ಆ ಸಿನಿಮಾಕ್ಕ ಇಂಟರ್ವಲ್ಲ ಇರೂದಿಲ್ಲ, ಇವರು ಗಡಿಯಾರ ನೋಡಿ ಕತ್ತರಸ್ತಾರ. ಪ್ರಾಣಿ ಬೆಂಕಿ ಉಗಳಾಕ ಬಾಯಿ ತಗದಿರತೈತಿ, ಪಟ್ನ ಲೈಟ್ ಹತ್ತತಾವ, ಪಾಪ್‌ಕಾರ್ನ್ ಜಾಹೀರಾತು. ಗಿರ್ಮಿಟ್ ಆದ್ರೂ ಸಿಕ್ಕಿದ್ರ ಸುಮ್ಮನ ಇರಬಹುದಿತ್ತು.

ತಕರಾರು ಮಾಡೂದಿದ್ರ ಟ್ರೇಲರ್ ನಡದಾಗ ಎದ್ದು ಹೋಗ್ರಿ, ‘ಸೌಂಡ್ ಸರಿ ಇಲ್ಲ’ ಅನಬ್ಯಾಡ್ರಿ, ‘ಫೇಡರ್ ಎಷ್ಟರ ಮ್ಯಾಲೈತಿ’ ಅಂತ ಕೇಳ್ರಿ. ಸಿನಿಮಾ ಚಾಲೂ ಆದ ಮ್ಯಾಲ ಹೋದ್ರ ಲೆನ್ಸ್ ತಗಿಯಾಕ ಶೋ ನಿಲ್ಲಸಬೇಕಾಕ್ಕೈತ್ರಿ ಅಂತಾರ. ಇನ್ನೂ ಜಗ್ಗಿದ್ರ, ‘ಆ ಸಿನಿಮಾನ ಹಂಗ ಐತ್ರಿ ಸರ, ಕತ್ತಲಿ.’