ಅವತ್ತು ಯಾರೂ ಕಡ್ಡಿ ಗೀರಿರಲಿಲ್ಲ

ನಮ್ಮ ದೊಡ್ಡಪ್ಪನ ಮಗನ ಎಡಗೈಯಲ್ಲಿ ಮೂರೇ ಬೆರಳು. ನೋಡಿದವರು ಹಿಟ್ಟಿನ ಗಿರಣಿಗೋ ಕಬ್ಬಿನ ಗಾಣಕ್ಕೋ ಸಿಕ್ಕಿರಬೇಕು ಅಂದುಕೊಳ್ಳುತ್ತಾರೆ. ಅಲ್ಲ. 1989ರ ಬಲಿಪಾಡ್ಯಮಿಯ ಬೆಳಿಗ್ಗೆ, ನನ್ನ ಕಣ್ಣೆದುರೇ ಹೋದವು.

ಆಗ ಅವನಿಗೆ ಹದಿಮೂರು, ನನಗೆ ಒಂಬತ್ತು. ರಾತ್ರಿ ಎಲ್ಲರೂ ಹೊಡೆದು ಬಿಟ್ಟ ಪಟಾಕಿಯಲ್ಲಿ ಠುಸ್ ಆದವನ್ನು ಆರಿಸುವುದು ನಮ್ಮ ಕೆಲಸ. ಇಬ್ಬನಿಗೆ ನೆನೆದ ಕೆಂಪು ಕಾಗದದ ಚೂರುಗಳನ್ನು ಕಾಲಲ್ಲಿ ಕೆದಕುತ್ತ, ಬತ್ತಿ ಉದುರಿದ ಆನೆ ಪಟಾಕಿ, ಕುದುರೆ ಪಟಾಕಿ ಸಿಕ್ಕರೆ ಚಡ್ಡಿ ಜೇಬಿಗೆ. ಆಮೇಲೆ ಬಿಚ್ಚಿ, ಮದ್ದನ್ನೆಲ್ಲ ಪೇಪರ್ ಮೇಲೆ ಸುರಿದು ಕಡ್ಡಿ ಗೀರುವುದು. ಸುಯ್ ಅಂತ ಉರಿದು ಹೊಗೆ ಬಂದರೆ ಅದೇ ಹಬ್ಬ. ನಿಮ್ಮಲ್ಲಿ ಎಷ್ಟೋ ಜನ ಇದನ್ನೇ ಮಾಡಿರುತ್ತೀರಿ, ಅಲ್ವಾ?

ಅವತ್ತು ನೂಲು ಸುತ್ತಿದ ದೊಡ್ಡ ಬಾಂಬೊಂದು ಸಿಕ್ಕಿತ್ತು. ಬಿಚ್ಚಿದರೆ ಒಳಗೆ ಯಾವಾಗಲೂ ಸಿಗುವ ಕಪ್ಪು ಮದ್ದು ಇರಲಿಲ್ಲ. ಬೂದು ಬಣ್ಣದ, ಬೆಳ್ಳಿಯ ಹಾಗೆ ಮಿನುಗುವ ಪುಡಿ. ಅಣ್ಣನ ಬೆರಳ ತುದಿಗಳು ಕಲಾಯಿ ಹಾಕುವವನ ಬೆರಳಿನ ಹಾಗೆ ಹೊಳೆಯುತ್ತಿದ್ದವು. ತಳದಲ್ಲಿ ಅಂಟಿಕೊಂಡಿದ್ದನ್ನು ಬಿಡಿಸಲು ಒಂದು ಮೊಳೆ ತಗೊಂಡು ಕೆರೆದ. ಅಷ್ಟೇ. ಸದ್ದು ನನಗೆ ನೆನಪಿಲ್ಲ. ಎಲ್ಲವೂ ಬೆಳ್ಳಗಾಯಿತು. ಕಣ್ಣು ಬಿಟ್ಟಾಗ ತುಳಸಿಕಟ್ಟೆಯ ಬಿಳಿ ಸುಣ್ಣದ ಮೇಲೆ ರಕ್ತ.

ಕಡ್ಡಿಪೆಟ್ಟಿಗೆ ನನ್ನ ಜೇಬಿನಲ್ಲೇ ಇತ್ತು. ಯಾರೂ ನಂಬಲಿಲ್ಲ. "ಬೆಂಕಿ ಇಲ್ಲದೆ ಮದ್ದು ಹೊತ್ತುತ್ತೇನೋ?" ಅಂತ ದೊಡ್ಡಪ್ಪ ನನಗೇ ಎರಡು ಬಿಟ್ಟರು.

ಹೊತ್ತುತ್ತದೆ. ನನಗೂ ಅದು ಅರ್ಥವಾಗಿದ್ದು ಕಾಲೇಜಿನಲ್ಲಿ ಕೆಮಿಸ್ಟ್ರಿ ಓದುವಾಗ. ಈಗ ಅದನ್ನೇ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ.

ಹಳೆಯ ಕಪ್ಪು ಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು. ಅದೂ ಅಪಾಯವೇ, ಆದರೆ ಬಯಲಲ್ಲಿ ಸುರಿದರೆ ಭುಸ್ ಅಂತ ಉರಿದುಹೋಗುತ್ತದೆ. ಸದ್ದು ಬೇಕಾದರೆ ಬಿಗಿಯಾಗಿ ಸುತ್ತಬೇಕು. ಬೆಳ್ಳಿ ಮದ್ದಿನ ಸ್ವಭಾವವೇ ಬೇರೆ. ಇದಕ್ಕೆ ಫ್ಲ್ಯಾಶ್ ಪೌಡರ್ ಅನ್ನುತ್ತಾರೆ. ಇದರಲ್ಲಿ ಉರಿಯುವುದು ಲೋಹ, ಹೆಚ್ಚಾಗಿ ಅಲ್ಯೂಮಿನಿಯಂ. ಅದಕ್ಕೆ ಆಕ್ಸಿಜನ್ ಕೊಡಲು ಒಂದು ಲವಣ. ಗಾಳಿಯ ಹಂಗೇ ಬೇಡ.

"ನಮ್ಮನೆ ಅನ್ನದ ಪಾತ್ರೆ ಅಲ್ಯೂಮಿನಿಯಂದೇ, ಅದ್ಯಾಕೆ ಒಲೆ ಮೇಲೆ ಹೊತ್ತಿಕೊಳ್ಳಲ್ಲ ಸರ್?" ಅಂತ ಒಬ್ಬ ಹುಡುಗಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಪಾತ್ರೆಯ ಮೈ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಇರುತ್ತದೆ, ಅದು ಒಳಗಿನ ಲೋಹವನ್ನು ಕಾಯುತ್ತದೆ. ಜೊತೆಗೆ ಗಟ್ಟಿ ಲೋಹ ಬಿಸಿಯನ್ನು ಎಲ್ಲ ಕಡೆ ಹಂಚಿಬಿಡುತ್ತದೆ. ಆದರೆ ಕೊರಡಿಗೂ ತರಗಿಗೂ ವ್ಯತ್ಯಾಸ ಇಲ್ಲವೇ? ಲೋಹ ನುಣ್ಣಗಾದಷ್ಟೂ ಆಕ್ಸಿಜನ್ ತಾಗುವ ಮೈ ಜಾಸ್ತಿ. ಒಮ್ಮೆ ಹೊತ್ತಿದರೆ ಶಾಖ 3000 ಡಿಗ್ರಿ ಆಸುಪಾಸಿಗೆ ಹೋಗುತ್ತದೆ. ಕಬ್ಬಿಣ ಕರಗುವುದು 1538 ಡಿಗ್ರಿಗೆ, ಲೆಕ್ಕ ಹಾಕಿ. ಆ ಬಿಳಿ ಬೆಳಕು ಬರುವುದೇ ಕಾದು ಕೆಂಡಕ್ಕಿಂತ ಬೆಳ್ಳಗಾದ ಆಕ್ಸೈಡ್ ಕಣಗಳಿಂದ.

ಈ ಬೆಳಕನ್ನು ಮೊದಲು ದುಡಿಸಿಕೊಂಡವರಲ್ಲಿ ಫೋಟೋ ತೆಗೆಯುವವರೂ ಇದ್ದರು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಮ್ಯಾಗ್ನೀಸಿಯಂನಿಂದ ಇಂಥ ಪುಡಿ ಮಾಡಿದರು. ನ್ಯೂಯಾರ್ಕಿನ ಕತ್ತಲೆ ಕೋಣೆಗಳ ಬಡವರನ್ನು ಜಗತ್ತಿಗೆ ತೋರಿಸಿದ ಜೇಕಬ್ ರೀಸ್ ಇದನ್ನು ಬಳಸುತ್ತ ಎರಡು ಸಲ ಮನೆಗೆ, ಒಂದು ಸಲ ತನಗೇ ಬೆಂಕಿ ಹಚ್ಚಿಕೊಂಡಿದ್ದ. ಗಾಜಿನ ಫ್ಲ್ಯಾಶ್ ಬಲ್ಬ್ ಬಂದ ಮೇಲೆ ಫೋಟೋದವರು ಬದುಕಿಕೊಂಡರು. ಪಟಾಕಿಯವರಿಗೆ ಅಂಥ ಬಲ್ಬ್ ಬರಲಿಲ್ಲ.

ಈ ಪುಡಿಯಲ್ಲಿ ನನಗೆ ನಿಜಕ್ಕೂ ಭಯವಾಗುವುದು ಎರಡು ಗುಣ. ಒಂದು, ಗುಡ್ಡೆ ದೊಡ್ಡದಾದರೆ ಇದಕ್ಕೆ ಕಾಗದವೂ ಬೇಡ ನೂಲೂ ಬೇಡ. ಹೊರಗಿನ ಪುಡಿಯೇ ಒಳಗಿನದಕ್ಕೆ ಗೋಡೆಯಾಗಿ, ಬಯಲಲ್ಲೇ ಸಿಡಿಯುತ್ತದೆ. ಇನ್ನೊಂದು, ಕಿಡಿ ಕಣ್ಣಿಗೆ ಕಾಣಬೇಕಾಗಿಲ್ಲ. ಉಜ್ಜಿದರೆ ಸಾಕು, ತಟ್ಟಿದರೆ ಸಾಕು. ನೈಲಾನ್ ಬಟ್ಟೆ ಕಳಚುವಾಗ ಚಟ್ ಅನ್ನುತ್ತದಲ್ಲ, ಆ ಸ್ಥಿರ ವಿದ್ಯುತ್ತೇ ಸಾಕು. ತೇವ ತಗುಲಿದರೆ ಕೆಲವು ಮಿಶ್ರಣಗಳು ತಮ್ಮಷ್ಟಕ್ಕೆ ತಾವೇ ಬಿಸಿಯಾಗುತ್ತವೆ. ಗಂಧಕ ಮತ್ತು ಕ್ಲೋರೇಟ್ (ಆಕ್ಸಿಜನ್ ಕೊಡುವ ಒಂದು ಬಗೆಯ ಲವಣ) ಸೇರಿದ್ದಂತೂ ಮಹಾ ಮುಂಗೋಪಿ. ನಮ್ಮ ದೇಶದಲ್ಲಿ ಅದನ್ನು ನಿಷೇಧಿಸಿದ್ದು 1992ರ ಜನವರಿಯಲ್ಲಿ. ಅಣ್ಣನ ಬೆರಳು ಹೋಗಿ ಮೂರನೇ ವರ್ಷ. ಅವನ ಮೊಳೆಯ ತುದಿಗೆ ಸಿಕ್ಕಿದ್ದು ಅದೇ ಇರಬೇಕು ಅಂತ ನನ್ನ ಅನುಮಾನ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಪ್ರತಿ ದುರಂತ ಆದಾಗಲೂ ದೊಡ್ಡಪ್ಪನ ಆ ಮಾತೇ ಬೇರೆಯವರ ಬಾಯಲ್ಲಿ ಹೀಗೆ ಕೇಳಿಸುತ್ತದೆ. "ಯಾರೋ ಬೀಡಿ ಸೇದಿರಬೇಕು ಬಿಡಿ." 2012ರ ಸೆಪ್ಟೆಂಬರಿನಲ್ಲಿ ಶಿವಕಾಶಿ ಹತ್ತಿರದ ಮುದಲಿಪಟ್ಟಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಹೋದರು. 2023ರ ಅಕ್ಟೋಬರ್ 7ರಂದು ನಮ್ಮ ಅತ್ತಿಬೆಲೆಯ ಗೋದಾಮಿನಲ್ಲಿ ಸತ್ತವರಲ್ಲಿ ಹಬ್ಬದ ಖರ್ಚಿಗೆ ನಾಲ್ಕು ಕಾಸು ಆಗಲಿ ಅಂತ ತಮಿಳುನಾಡಿನಿಂದ ಬಂದ ಹುಡುಗರೇ ಜಾಸ್ತಿ. 2024ರ ಜನವರಿಯಲ್ಲಿ ಬೆಳ್ತಂಗಡಿ ತಾಲೂಕಿನ ಕುಕ್ಕೇಡಿಯಲ್ಲಿ ಮೂವರು. ಒಂದೊಂದರ ಕಾರಣ ಒಂದೊಂದು, ನಾನು ತನಿಖೆ ಮಾಡಿದವನಲ್ಲ. ಆದರೆ ವಿಚಾರಣೆಗೂ ಮೊದಲೇ ಸತ್ತವನ ತುಟಿಗೆ ಬೀಡಿ ಇಡುವುದಿದೆಯಲ್ಲ, ಅದು ನನಗೆ ಸಹಿಸಲು ಆಗುವುದಿಲ್ಲ. ಆ ಪುಡಿಯ ಮುಂದೆ ಕೂತವನು ಬೀಡಿ ಸೇದದಿದ್ದರೂ ಸಾಯಬಹುದು. ಕೇಳಬೇಕಾದದ್ದು ಬೇರೆ. ಅಲ್ಲಿ ಎಷ್ಟು ಮದ್ದಿತ್ತು? ಒಂದೇ ಕೋಣೆಯಲ್ಲಿ ಎಷ್ಟು ಜನ ಇದ್ದರು? ಹೊರಗೆ ಓಡಲು ಬಾಗಿಲು ಎಷ್ಟಿದ್ದವು? ಇದಕ್ಕೆಲ್ಲ ಉತ್ತರ ಕೊಡಬೇಕಾದವನು ಮಾಲೀಕ, ಲೈಸೆನ್ಸ್ ಕೊಟ್ಟ ಕಚೇರಿ. ಕೂಲಿಗೆ ಬಂದ ಹುಡುಗ ಅಲ್ಲ.

"ಈಗ ಹಸಿರು ಪಟಾಕಿ ಬಂದಿದೆಯಲ್ಲ ಸರ್" ಅಂತ ಕಾಮೆಂಟ್ ಬರುತ್ತದೆ, ಗೊತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದವು. ಹೊಗೆ, ದೂಳು ಕಡಿಮೆ, ಬೇರಿಯಂ ಇರಬಾರದು. ಒಳ್ಳೆಯದೇ. ಆದರೆ ಹಸಿರು ಅಂದರೆ ಸಾಧು ಅಂತಲ್ಲ. ಸಿಡಿಯಬೇಕಾದ್ದು ಸಿಡಿದೇ ಸಿಡಿಯುತ್ತದೆ. ಡಬ್ಬಿಯ ಮೇಲಿನ ಹಸಿರು ಗುರುತು ನೋಡಿ ಮಕ್ಕಳ ಕೈಗೆ ಕೊಡಬೇಡಿ.

ಇನ್ನು ಯೂಟ್ಯೂಬ್ ನೋಡಿ ಮನೆಯಲ್ಲೇ ಇದನ್ನು ಮಾಡಲು ಹೊರಡುವ ಹುಡುಗರು. ವರ್ಷಕ್ಕೊಬ್ಬನಾದರೂ ಲ್ಯಾಬಿನಲ್ಲಿ ನನ್ನ ಪಕ್ಕ ಸುಳಿದು "ಸ್ವಲ್ಪ ಮಾತ್ರ ಸರ್" ಅನ್ನುತ್ತಾನೆ. ನಾನು ಅಣ್ಣನ ಫೋಟೋ ತೋರಿಸುತ್ತೇನೆ. ಪಾಠ ಮಾಡುವುದಿಲ್ಲ.

ಅಣ್ಣನ ಬೀದಿಯಲ್ಲಿ ಈಗಲೂ ಪಟಾಕಿ ಹೊಡೆಯುತ್ತಾರೆ, ಅವನು ಬೇಡ ಅನ್ನುವುದಿಲ್ಲ. ಹತ್ತು ಗಂಟೆ ಆದ ಮೇಲೆ ಒಂದು ಬಕೆಟ್ ನೀರು, ಉದ್ದನೆಯ ಹಿಡಿಯ ಮೊರ ಹಿಡಿದು ಹೊರಗೆ ಬರುತ್ತಾನೆ. ಠುಸ್ ಆದ ಪಟಾಕಿಯ ಹತ್ತಿರ ತುಂಬ ಹೊತ್ತು ಹೋಗುವುದಿಲ್ಲ. ಆಮೇಲೆ ದೂರದಿಂದಲೇ ನೀರು ಹೊಯ್ದು, ಒಂದೊಂದನ್ನೇ ಮೊರಕ್ಕೆ ತಳ್ಳಿಕೊಂಡು ಬಕೆಟಿಗೆ ಹಾಕುತ್ತಾನೆ. ಬೆಳಿಗ್ಗೆ ಆರಿಸಲು ಬಂದ ಹುಡುಗರಿಗೆ ಏನೂ ಸಿಗುವುದಿಲ್ಲ. ಹೋದ ವರ್ಷ ಒಬ್ಬ ಪುಟ್ಟ ಹುಡುಗ ಅವನ ಮುಖಕ್ಕೇ ಹೇಳಿದನಂತೆ, "ಅಂಕಲ್, ನೀವು ತುಂಬಾ ಜಿಪುಣ." ಅಣ್ಣ ಫೋನಿನಲ್ಲಿ ಇದನ್ನು ಹೇಳಿಕೊಂಡು ಬಿದ್ದು ಬಿದ್ದು ನಕ್ಕ.