ಎಂಟು ತೂತಿನ ಡಬ್ಬಿ

ಕಂಪ್ಯೂಟರ್ ಕೇಬಲ್ ಸಿಕ್ಕಿಸುವ ಸ್ವಿಚ್ಚಿನಲ್ಲಿ ಎರಡು ತೂತು ಖಾಲಿ ಇದ್ದರೆ ಯಾರಿಗೆ ಏನು ನಷ್ಟ? ನಮ್ಮ ಸಾವ್ಕಾರರನ್ನು ಕೇಳಿ ನೋಡಿ. ಅವರಿಗೆ ಊಟ ರುಚಿಸುವುದಿಲ್ಲ.

ನಾನು ರಾಯಚೂರಿನ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ನೋಡುತ್ತೇನೆ. ಕಂಪ್ಯೂಟರ್ ಬಲ್ಲವನು ಎಂಬ ಹೆಸರೂ ನನಗೇ ಅಂಟಿದೆ. ಹೀಗಾಗಿ ನೆಟ್ ನಿಂತರೂ ನಾನೇ, ಪ್ರಿಂಟರ್ ಕಾಗದ ನುಂಗಿದರೂ ನಾನೇ, ಕೂಲರ್‌ನಲ್ಲಿ ನೀರು ಮುಗಿದರೂ ಒಮ್ಮೊಮ್ಮೆ ನಾನೇ. ಬಿಲ್ಲಿಗೆ ಒಂದು ಕಂಪ್ಯೂಟರ್, ನನಗೊಂದು, ಹಿಂದೆ ತೂಕದ ಕಾಟಾದ ಹತ್ತಿರ ಒಂದು, ಸಾವ್ಕಾರರ ಮಗನ ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಹೊರಗಿನ ಲೋಕಕ್ಕೆ ದಾರಿ ತೋರಿಸುವ ರೌಟರ್. ಒಟ್ಟು ಆರು. ಇವನ್ನೆಲ್ಲ ಜೋಡಿಸುವ ಸ್ವಿಚ್ಚಿಗೆ ತೂತು ಎಂಟು.

"ಎಂಟರ ರೊಕ್ಕ ಕೊಟ್ಟು ಆರು ವಾಪರಸೋದ್ಯಾಕ, ತಮ್ಮಾ?" ಎಂದು ಅವರು ಮೊದಲ ದಿನವೇ ಕೇಳಿದ್ದರು. ನಾಳೆ ಇನ್ನೊಂದು ಕಂಪ್ಯೂಟರ್ ಬಂದರೆ ಬೇಕಾಗುತ್ತದೆ, ನೆಟ್‌ವರ್ಕ್ ಹಾಕುವಾಗ ಸ್ವಲ್ಪ ಜಾಸ್ತಿಯೇ ಬಿಡಬೇಕು ಎಂದೆ. "ಬರೋ ತನಕ ಸುಮ್ನ ಕುಂದ್ರತಾವೇನು ಇವು?" ಎಂದರು. ಸುಮ್ಮನೆ ಕೂತವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಅದು ತೂತಾದರೂ ಅಷ್ಟೇ, ಹಮಾಲರಾದರೂ ಅಷ್ಟೇ, ನಾನಾದರೂ ಅಷ್ಟೇ.

ವೈರ್ ಎಳೆಯುವಾಗಲೂ ಇದೇ ಕಥೆ. ಕರೆಂಟಿನ ಪೈಪಿನಲ್ಲಿ ಅರ್ಧ ಜಾಗ ಖಾಲಿ ಇದೆ, ನೆಟ್ ಕೇಬಲ್ಲೂ ಅದರಲ್ಲೇ ತೂರಿಸಿ ಎಂದರು. ಆ ಕೇಬಲ್ಲಿನೊಳಗೆ ಎಂಟು ಸಣ್ಣ ತಂತಿ, ನಾಲ್ಕು ಜೋಡಿ. ಒಂದೊಂದು ಜೋಡಿಯನ್ನೂ ತಿರುಚಿರುವುದು ಚಂದಕ್ಕಲ್ಲ, ಹೊರಗಿನ ಗದ್ದಲ ಒಳಗೆ ಬಂದು ಸಂದೇಶ ಕೆಡಿಸಬಾರದು ಅಂತ. ಹಾಗಂತ ಅದನ್ನು ಕರೆಂಟಿನ ವೈರಿನ ಪಕ್ಕದಲ್ಲೇ ಮಲಗಿಸಿದರೆ ಗದ್ದಲವೂ ಹೌದು, ಅಪಾಯವೂ ಹೌದು. ಬೇರೆ ಪೈಪ್ ಹಾಕಿಸಲು ನಾನು ಸತ್ಯಾಗ್ರಹವನ್ನೇ ಮಾಡಬೇಕಾಯಿತು.

ಕಾಟಾದ ವಿಷಯದಲ್ಲಿ ಇನ್ನೊಂದು ಜಗಳ. ಈ ತಾಮ್ರದ ಕೇಬಲ್ ಒಂದೇ ಎಳೆತಕ್ಕೆ 100 ಮೀಟರ್ ದಾಟಬಾರದು. ಕಾಟಾ ಅದಕ್ಕಿಂತ ದೂರ. "ಕೇಬಲ್ ಡಬ್ಬಿ ಮ್ಯಾಲೆ ಮುನ್ನೂರಾ ಐದು ಮೀಟರ್ ಅಂತ ಬರ್ದಾರ. ನೀ ಯಾಕ ನೂರಕ್ಕ ನಿಲ್ಲಸ್ತಿ? ಹೊಲಕ್ಕ ಪೈಪ್ ಹಾಕಿದ್ರ ನೂರು ಮೀಟರಿಗೆ ನೀರು ಸುಸ್ತಾಗ್ತದೇನು?" ಇದಕ್ಕೆ ಉತ್ತರ ಇದೆ. ಆದರೆ ಅವರು ನಿಂತು ಕೇಳಬೇಕಲ್ಲ. ಕೊನೆಗೆ ನಡುದಾರಿಯಲ್ಲಿ, ಖಾಲಿ ಚೀಲದ ಕೋಣೆಯಲ್ಲಿ, ಐದು ತೂತಿನ ಚಿಕ್ಕ ಸ್ವಿಚ್ ಒಂದನ್ನು ಕೂರಿಸಿದೆವು. ಅದರಲ್ಲಿ ಮೂರು ಖಾಲಿ ಇವೆ. ಸಾವ್ಕಾರರಿಗೆ ಇನ್ನೂ ಗೊತ್ತಿಲ್ಲ. ನೀವೂ ಹೇಳಬೇಡಿ.

ಕರೆಂಟಿನ ಬಗ್ಗೆ ಹೇಳುವುದೇ ಬೇಡ. ನಮ್ಮ ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವ್ಯಾಟಿನ ಸ್ಥಾವರ ಇದೆ, ನಮ್ಮ ಅಂಗಡಿಯಲ್ಲಿ ಬ್ಯಾಟರಿ ದೀಪ ಇದೆ. ಯುಪಿಎಸ್ ಇಲ್ಲವೇ ಅಂದಿರಾ? ಇದೆ. ಅದರಲ್ಲಿ ಖಾಲಿ ಇದ್ದ ಒಂದೇ ಒಂದು ಸಾಕೆಟ್ಟಿಗೆ ಲಕ್ಷ್ಮಿ ಫೋಟೋದ ಬಣ್ಣದ ದೀಪದ ಸರ ಹಾಕಿದ್ದಾರೆ. ಕರೆಂಟ್ ಹೋದಾಗ ಕಂಪ್ಯೂಟರ್‌ಗಳು ಉಳಿಯುತ್ತವೆ, ಲಕ್ಷ್ಮಿ ಜಗಜಗ ಎನ್ನುತ್ತಾಳೆ, ಸ್ವಿಚ್ ಮಾತ್ರ ಸಾಯುತ್ತದೆ. ಆ ಪ್ಲಗ್ ಕೀಳುವ ಧೈರ್ಯ ಯಾರಿಗಿದೆ?

ಇಷ್ಟನ್ನೂ ಸಹಿಸಿಕೊಂಡಿದ್ದೆ. ಮೊನ್ನೆ ಸೋಮವಾರ ಆಗಿದ್ದೇ ಬೇರೆ.

ಹತ್ತಿ ಸೀಸನ್. ಅಂಗಡಿ ಮುಂದೆ ಗಾಡಿಗಳ ಸಾಲು. ಮಗ ಲ್ಯಾಪ್‌ಟಾಪ್ ಎತ್ತಿಕೊಂಡು ಹೈದರಾಬಾದಿಗೆ ಹೋಗಿದ್ದ. ಅವನ ಕೇಬಲ್ಲಿನ ಒಂದು ತುದಿ ಸ್ವಿಚ್ಚಿನಲ್ಲಿತ್ತು, ಇನ್ನೊಂದು ತುದಿ ಮೇಜಿನಿಂದ ಜೋತು ಬಿದ್ದಿತ್ತು. ಸಾವ್ಕಾರರು ಬಂದರು. ಜೋತು ಬಿದ್ದ ತುದಿ ನೋಡಿದರು. ಖಾಲಿ ತೂತು ನೋಡಿದರು. ಅವರ ಮುಖದಲ್ಲಿ ಗಂಡು ಹೆಣ್ಣು ಎರಡೂ ಕಡೆ ಜಾತಕ ಕೂಡಿ ಬಂದ ಸಂತೋಷ. ಬಗ್ಗಿದರು. ಟಕ್ ಅನ್ನಿಸಿದರು.

ನನ್ನ ಪರದೆಯಲ್ಲಿ ಲೆಕ್ಕದ ಟ್ಯಾಲಿ ನಿಂತಿತು. ಬಿಲ್ಲಿನ ಹುಡುಗ "ಅಣ್ಣಾ, ಹ್ಯಾಂಗ್ ಆತು" ಎಂದ. ಕಾಟಾದಿಂದ ಫೋನ್ ಬಂತು. ಪ್ರಿಂಟರ್ ಮೌನ. ಸ್ವಿಚ್ಚಿನ ಎಲ್ಲಾ ದೀಪಗಳೂ ಹುಚ್ಚು ಹಿಡಿದಂತೆ ಮಿಟುಕುತ್ತಿದ್ದವು. ಸಾವ್ಕಾರರು ಸೊಂಟದ ಮೇಲೆ ಕೈ ಇಟ್ಟು ಅದನ್ನೇ ನೋಡುತ್ತಾ ಹೇಳಿದರು: "ನೋಡು, ಈಗ ಹೆಂಗ ಓಡಾಕತ್ತದ! ಮೊದ್ಲ ಇಷ್ಟು ಚುರುಕಿತ್ತೇನು?"

ಚುರುಕೇನೋ ಹೌದು. ಒಂದು ಕಂಪ್ಯೂಟರ್ "ಪ್ರಿಂಟರ್ ಎಲ್ಲಿದ್ದೀಯಪ್ಪಾ?" ಎಂದು ಎಲ್ಲರನ್ನೂ ಕೂಗಿ ಕೇಳುತ್ತದೆ. ಸ್ವಿಚ್ ಆ ಕೂಗನ್ನು, ಅದು ಬಂದ ತೂತು ಬಿಟ್ಟು ಉಳಿದ ಎಲ್ಲಾ ತೂತಿಗೂ ಕಳಿಸುತ್ತದೆ. ಎರಡೂ ತುದಿ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದರೆ ಹೋದ ಕೂಗು ಸುತ್ತಿ ವಾಪಸ್ ಬರುತ್ತದೆ. ಮತ್ತೆ ಎಲ್ಲಾ ತೂತಿಗೂ ಹೋಗುತ್ತದೆ. ಮತ್ತೆ ಬರುತ್ತದೆ. ರೌಟರ್ ದಾಟಿ ಹೋಗುವ ಸಂದೇಶದ ಕಟ್ಟಿಗಾದರೆ, ಅಂದರೆ ಐಪಿ ಪ್ಯಾಕೆಟ್ಟಿಗಾದರೆ, ಆಯುಷ್ಯ ಬರೆದಿರುತ್ತದೆ, ದಾಟಿದ ಒಂದೊಂದು ರೌಟರೂ ಅದರಲ್ಲಿ ಒಂದೊಂದು ಕಳೆಯುತ್ತದೆ. ಸ್ವಿಚ್ಚಿನಲ್ಲಿ ಸುತ್ತುವ ಈ ಕೂಗಿನ ಕಟ್ಟಿಗೆ, ಅಂದರೆ ಈಥರ್‌ನೆಟ್ ಫ್ರೇಮಿಗೆ, ಸಾವೇ ಇಲ್ಲ. ಪ್ರಿಂಟರನ್ನು ಹುಡುಕುವ ಒಂದು ಬಡಪಾಯಿ ಪ್ರಶ್ನೆ ಇಡೀ ಅಂಗಡಿಯನ್ನು ಕಟ್ಟಿಹಾಕಿತು.

ಇದಕ್ಕೆ ಮದ್ದು ಕಂಡುಹಿಡಿದು ಎಷ್ಟೋ ವರ್ಷ ಆಯಿತು. 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ ಸ್ಪ್ಯಾನಿಂಗ್ ಟ್ರೀ ಎಂಬ ಉಪಾಯ ಮಾಡಿದರು. ಸುತ್ತು ಬಿದ್ದಿದೆ ಅಂತ ತಿಳಿದರೆ ಸ್ವಿಚ್ಚುಗಳೇ ಒಂದು ದಾರಿಯನ್ನು ಮುಚ್ಚಿಕೊಳ್ಳುತ್ತವೆ. ಅದರ ಮೇಲೆ ಒಂದು ಪದ್ಯವನ್ನೂ ಬರೆದರಂತೆ ಆ ತಾಯಿ. ನಮ್ಮ ಅಗ್ಗದ ಡಬ್ಬಿಗೆ ಆ ಉಪಾಯವೂ ಗೊತ್ತಿಲ್ಲ, ಪದ್ಯವೂ ಗೊತ್ತಿಲ್ಲ.

ಆದರೆ ಅದೆಲ್ಲ ಆಮೇಲೆ ತಿಳಿದಿದ್ದು. ಸಾವ್ಕಾರರು ಟಕ್ ಅನ್ನಿಸಿದ್ದನ್ನು ಹೇಳಿದ್ದರೆ ತಾನೇ? ನಾನು ರೌಟರ್ ಆರಿಸಿ ಹಚ್ಚಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ. ದೇವದುರ್ಗದ ಕಡೆಯ ರೈತರೊಬ್ಬರು ಬಾಗಿಲಲ್ಲಿ ನಿಂತು ಕೇಳಿದರು: "ನನ್ನ ರೊಕ್ಕ ಅದರಾಗ ಸಿಕ್ಕೊಂಡದೇನ್ರಿ? ಬಸ್ ಹೋಗ್ತದ." ನಗು ಬರಲಿಲ್ಲ.

ಆಗ ಎದ್ದವರು ನಮ್ಮ ಹಳೇ ಗುಮಾಸ್ತರು. ಗಾದಿಯ ಕೆಳಗಿಂದ ಕೆಂಪು ಬಟ್ಟೆಯ ಕಿರ್ದಿ ತೆಗೆದರು, ತೂಕ ಕೇಳಿದರು, ಬರೆದರು, ಚೀಟಿ ಹರಿದು ಕೊಟ್ಟರು. ರೈತರಿಗೆ ಬಸ್ ಸಿಕ್ಕಿತು. ಚಹಾ ಬಂತು. ಎಲ್ಲರೂ ಅವರ ಸುತ್ತ ಕೂತೆವು, ಪರದೆ ಬಿಟ್ಟು ಮುಖ ನೋಡಿಕೊಂಡು ಮಾತಾಡಿದೆವು. ಇಂಥ ಮಧ್ಯಾಹ್ನ ಗಂಜ್‌ನಲ್ಲಿ ಮೊದಲು ದಿನಾ ಇರುತ್ತಿತ್ತು ಎಂದರು ಅವರು. ನಾನು ಹೇಳಿದೆ, 1969ರ ಅಕ್ಟೋಬರ್ 29ರಂದು ಅಮೆರಿಕದಲ್ಲಿ ಎರಡು ದೂರದ ಕಂಪ್ಯೂಟರ್‌ಗಳ ನಡುವೆ ಮೊದಲ ಸಲ 'ಲಾಗಿನ್' ಕಳಿಸಲು ಹೋದಾಗ ಎಲ್, ಓ ಎರಡೇ ಅಕ್ಷರ ಮುಟ್ಟಿ ಯಂತ್ರ ಕುಸಿದಿತ್ತು ಅಂತ.

"ಮತ್ತ ಅವರ ಹತ್ರ ಕಿರ್ದಿ ಇತ್ತೇನು?"

ಇತ್ತು. ರಾತ್ರಿ 10.30ರ ವೇಳೆ ಹಾಕಿ ಕೈಬರಹದಲ್ಲೇ ದಾಖಲೆ ಬರೆದಿಟ್ಟಿದ್ದಾರೆ. ಗುಮಾಸ್ತರಿಗೆ ಆ ಅಮೆರಿಕದವರ ಮೇಲೆ ತಟ್ಟನೆ ಗೌರವ ಬಂತು.

ಸಂಜೆ ನೆಟ್ ಹುಡುಗ ಬಂದ. ಸ್ವಿಚ್ ನೋಡಿದವನೇ ಆ ಕೇಬಲ್ ಕಿತ್ತ. ಎಲ್ಲಾ ಓಡಿತು. ದೀಪಗಳು ನಿಧಾನ ಆದವು. "ಮತ್ತ ಮಂದ ಮಾಡಿಬಿಟ್ಟಿ" ಎಂದರು ಸಾವ್ಕಾರರು.

"ಸರ, ಇದನ್ನ ತಡೀಲಿಕ್ಕಂತನೇ ಬ್ಯಾರೆ ಸ್ವಿಚ್ ಬರ್ತದ. ಯಾರರ ಹಿಂಗ ಸಿಗಿಸಿದ್ರ ತಾನೇ ಬಂದ್ ಮಾಡ್ತದ" ಎಂದ ಹುಡುಗ. ರೇಟು ಹೇಳಿದ. ಇದರ ನಾಲ್ಕೈದು ಪಟ್ಟು.

ಸಾವ್ಕಾರರು ಹಳೆಯದನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಅದಕ್ಕೆಷ್ಟು ತೂತು?"

"ಎಂಟೇ ಸರ."