ಗ್ಲಾಸು ತಿರುಗಿಸುವ ಗೆಳೆಯ

ನಿನ್ನೆ ಆ ಬಿಳಿ ಶರ್ಟನ್ನು ಮೂರನೇ ಸಲ ಒಗೆದೆ. ನಿಂಬೆಹಣ್ಣು, ಉಪ್ಪು, ಅಡುಗೆ ಸೋಡ ಎಲ್ಲ ಆಯಿತು. ಎದೆ ಮೇಲಿದ್ದ ಕೆಂಪು ಕಲೆ ನೇರಳೆ ಬಣ್ಣಕ್ಕೆ ಬಂತು, ಅಷ್ಟೇ. ಇಸ್ತ್ರಿಯವನು "ನೇರಳೆಹಣ್ಣಾ ಸಾರ್?" ಅಂದ. ಹೌದಪ್ಪ ಅಂದುಬಿಟ್ಟೆ. ಲಂಡನ್ನಿನ ನೆಲಮಾಳಿಗೆಯಲ್ಲಿ ಆದದ್ದು ಅಂದರೆ ನಂಬೋರು ಯಾರು?

ತಪ್ಪೆಲ್ಲ ನನ್ನ ಗೆಳೆಯನದು. ಎರಡು ವರ್ಷದ ಹಿಂದೆ ನಂದಿಬೆಟ್ಟದ ಕಡೆಯ ಯಾವುದೋ ದ್ರಾಕ್ಷಿ ತೋಟಕ್ಕೆ ಅರ್ಧ ದಿನ ಹೋಗಿಬಂದ. ಅವತ್ತಿನಿಂದ ವೈನ್ ಪಂಡಿತ. ಪಾಂಡಿತ್ಯ ಅಂದರೆ ಇಷ್ಟೇ, ವಾಸನೆ ಏಳಲಿ ಅಂತ ಗ್ಲಾಸನ್ನು ಗರಗರ ತಿರುಗಿಸುವುದು. ಎಳನೀರನ್ನೂ ಲೋಟಕ್ಕೆ ಸುರಿದು ತಿರುಗಿಸುತ್ತಾನೆ. ಒಮ್ಮೆ ನಮ್ಮನೆಯಲ್ಲಿ ಮಜ್ಜಿಗೆ ಕೊಟ್ಟೆವು. ತಿರುಗಿಸಿದ, ಮೂಗು ಒಳಗಿಟ್ಟ, ಕಣ್ಣು ಮುಚ್ಚಿದ. "ಒಂಥರಾ ಮರದ ವಾಸನೆ ಇದೆ" ಅಂದ. ಕರಿಬೇವಿನ ಕಡ್ಡಿ ಮೂಗಿಗೇ ತಾಗಿತ್ತು.

ಇಂಥವನ ಜೊತೆ ಲಂಡನ್ನಿನ ಗೋರ್ಡನ್ಸ್ ವೈನ್ ಬಾರಿಗೆ ಹೋದೆ. ಎಂಬ್ಯಾಂಕ್‌ಮೆಂಟ್ ಸ್ಟೇಷನ್ ಪಕ್ಕದ ವಿಲಿಯರ್ಸ್ ಸ್ಟ್ರೀಟ್‌ನಲ್ಲಿ 1890ರಿಂದ ಇದೆ. ಬಾಂಬೆಯಲ್ಲಿ ಹುಟ್ಟಿದ ಲೇಖಕ ರುಡ್ಯಾರ್ಡ್ ಕಿಪ್ಲಿಂಗ್ ಆ ಕಾಲದಲ್ಲಿ ಇದೇ ಬೀದಿಯಲ್ಲಿ ಬಾಡಿಗೆಗಿದ್ದ. ಮೆಟ್ಟಿಲಿಳಿದರೆ ತಗ್ಗು ಕಮಾನು. ಗರ್ಭಗುಡಿಗೆ ನುಗ್ಗಿದ ಹಾಗೆ ತಲೆ ಬಗ್ಗಿಸಿಯೇ ಹೋಗಬೇಕು. ಬೆಳಕಿಗೆ ಮೇಜಿನ ಮೇಲೊಂದು ಮೇಣದಬತ್ತಿ. ಬಿಯರ್, ವಿಸ್ಕಿ ಕೇಳುವ ಹಾಗೇ ಇಲ್ಲ. ವೈನ್, ಇಲ್ಲವೇ ಶೆರಿ, ಪೋರ್ಟ್‌ನಂಥ ಗಟ್ಟಿ ವೈನ್, ಅಷ್ಟೇ. ನನಗಂತೂ ಜಾಗ ನೋಡಿದ ಕೂಡಲೇ ಮನಸ್ಸು ತುಂಬಿತು.

ಕೆಂಪು ವೈನ್ ಬಂತು. ಇವನು ಶುರು ಮಾಡಿದ.

ಮೊದಲು ನಿಧಾನವಾಗಿ, ಮಗುವಿಗೆ ತೊಟ್ಟಿಲು ತೂಗಿದಂತೆ. ಪಕ್ಕದ ಮೇಜಿನ ಅಜ್ಜಿ ಇವನ ಕಡೆ ನೋಡಿದರು. ನೋಡಿದರಲ್ಲ, ಇವನಿಗೆ ಹುರುಪು ಹತ್ತಿತು. ಬೀಸುವ ಕಲ್ಲಿನ ವೇಗಕ್ಕೆ ಬಂದ. "ಸಾಕು ಕಣೋ" ಅಂದೆ. "ವೈನ್ ಉಸಿರಾಡಬೇಕು ಕಣೋ" ಅಂದ. ನಾನೂ ಉಸಿರು ಬಿಗಿಹಿಡಿದು ಕೂತೆ. ನನ್ನ ಗ್ಲಾಸು ಮುಟ್ಟುವ ಹಾಗಿಲ್ಲ, ಅವನ ಪೂಜೆ ಮುಗಿಯದೆ ನೈವೇದ್ಯ ಇಲ್ಲ. ಈಗ ರುಬ್ಬುವ ಗುಂಡಿನ ವೇಗ. ಅಷ್ಟರಲ್ಲಿ ಮೊಣಕೈ ಗೋಡೆಗೆ ತಾಗಿತು. ಅರ್ಧ ವೈನ್ ಮೇಣದಬತ್ತಿಗೆ, ಅರ್ಧ ನನಗೆ. ಬತ್ತಿ ಚುಂಯ್ ಅಂತು. ಕತ್ತಲಲ್ಲಿ "ಸಾರಿ, ಸಾರಿ" ಅಂತ ಎದ್ದವನ ತಲೆ ಕಮಾನಿಗೆ ಠಪ್ ಅಂತ ಬಡಿಯಿತು. ಅಜ್ಜಿ ತಮ್ಮ ಮೇಜಿನ ಬತ್ತಿಯನ್ನೇ ನಮ್ಮ ಕಡೆ ಸರಿಸಿದರು. ಇವನು ತಲೆ ಸವರಿಕೊಳ್ಳುತ್ತಾ, ಗ್ಲಾಸಿನಲ್ಲಿ ಉಳಿದಿದ್ದನ್ನು ಮೂಸಿದ.

"ಮಣ್ಣಿನ ವಾಸನೆ ಇದೆ ಅಲ್ವಾ?"

ನಾನು ಮಾತಾಡಲಿಲ್ಲ.

ಸಿಟ್ಟಿನಲ್ಲೇ ಹೊರಬಂದೆ. ಪಕ್ಕದ ತೋಟದಲ್ಲಿ ಒಂದು ಹಳೆಯ ಕಲ್ಲಿನ ಬಾಗಿಲಿದೆ. 1626ರದ್ದು. ಆಗ ಥೇಮ್ಸ್ ಅಲ್ಲಿಯವರೆಗೆ ಇತ್ತು, ದೋಣಿ ಅದರ ಮೆಟ್ಟಿಲಿಗೇ ಬರುತ್ತಿತ್ತು. 1870ರ ಹೊತ್ತಿಗೆ ದಂಡೆ ಕಟ್ಟಿ ನದಿಯನ್ನು ದೂರ ತಳ್ಳಿದರು. ಬಾಗಿಲು ಮಾತ್ರ ಹುಲ್ಲಿನ ಮಧ್ಯೆ ಸುಮ್ನೆ ನಿಂತಿದೆ. ಇಬ್ಬರೂ ಅದರ ಮುಂದೆ ಕೂತೆವು. ಮಲ್ಲೇಶ್ವರದ ಒಂದೇ ರೂಮಿನಲ್ಲಿ ಮೂರು ವರ್ಷ ಒಂದೇ ಬಕೆಟ್ ಹಂಚಿಕೊಂಡವರು ನಾವು. ಹೀಗೆ ಮಾತಿಲ್ಲದೆ ಕೂತು ಎಷ್ಟು ಕಾಲವಾಗಿತ್ತೋ. "ಶರ್ಟ್ ಕೊಡು, ನಾನೇ ಒಗೀತೀನಿ" ಅಂದ. ಒಗೆಯಲಿಲ್ಲ ಬಿಡಿ.

ಮೊನ್ನೆ ಸಿಕ್ಕಿದ್ದ. ಬೈಟೂ ಕಾಫಿ ಬಂತು. ಅವನು ಲೋಟಕ್ಕೆ ಕೈ ಹಾಕುವ ಮೊದಲೇ ನನ್ನ ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಎಳೆದುಕೊಂಡೆ.